ಬೀದಿ ಮರದ ಫಸಲು: ಬೆಲೆ ಎಷ್ಟು, ಪಾಲು ಯಾರಿಗೆ?

ಪ್ರಶ್ನೆ: ನಾವಿರುವುದು ಬೆಂಗಳೂರಿನ ಹಳೇ ಬಡಾವಣೆಯಲ್ಲಿ. ನಮ್ಮ ಅಡ್ಡರಸ್ತೆಯಲ್ಲಿ ನಾಲ್ಕು ಹೊಂಗೆ, ಎರಡು ಬೇವು, ಒಂದು ದೊಡ್ಡ ಹುಣಸೆ, ಒಂದು ನೇರಳೆ ಮರ ಇವೆ. ಜೂನ್ ಬಂತೆಂದರೆ ನೇರಳೆ ಹಣ್ಣು ಬಿದ್ದು ರಸ್ತೆಯೆಲ್ಲ ರಾಡಿ. ಸ್ಕೂಟರ್ ಜಾರುತ್ತೆ, ಕಾರಿನ ಮೇಲೆ ಕಲೆ. ಎದುರುಮನೆಯವರು ಮರ ಕಡಿಸಲು ಅರ್ಜಿ ಬರೆದು ಸಹಿ ಕೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಈ ಮರಗಳ ಕಾಯಿ, ಹಣ್ಣು, ಬೀಜಕ್ಕೆ ನಿಜವಾಗಿ ಬೆಲೆ ಇದೆಯಾ? ನಮ್ಮ ನಿವಾಸಿಗಳ ಸಂಘವೇ ಕೊಯ್ದು ಮಾರಬಹುದಾ? ರಸ್ತೆ ಬದಿಯದ್ದು ತಿನ್ನಬಹುದಾ? ಇನ್ನೊಂದು ವಿಷಯ. ಒಬ್ಬ ಅಜ್ಜಿ ಬೆಳಿಗ್ಗೆ ಬಂದು ಹೊಂಗೆಕಾಯಿ ಗುಡಿಸಿಕೊಂಡು ಹೋಗುತ್ತಾರೆ. ಅವರನ್ನು ತಡೆಯಬೇಕು ಅಂತ ಕೆಲವರ ವಾದ. ಏನು ಮಾಡೋಣ?

ಉತ್ತರ: ಕೊನೆಯದರಿಂದಲೇ ಶುರು ಮಾಡುತ್ತೇನೆ. ಅಜ್ಜಿಯನ್ನು ತಡೆಯಬೇಡಿ. ನಿಮ್ಮ ರಸ್ತೆಯ ಮರಗಳ ಲೆಕ್ಕ ಸರಿಯಾಗಿ ಗೊತ್ತಿರುವುದು ಬಹುಶಃ ಅವರೊಬ್ಬರಿಗೇ. ಯಾವ ಹೊಂಗೆ ಜಾಸ್ತಿ ಕಾಯಿ ಬಿಡುತ್ತೆ, ಯಾವುದರ ಬೀಜ ಜೊಳ್ಳು, ಯಾವಾಗ ಉದುರುತ್ತೆ, ಯಾರು ಕೊಳ್ಳುತ್ತಾರೆ, ಎಲ್ಲ ಕೇಳಿ. ನಾನು ತೋಟಗಾರಿಕೆ ಕೆಲಸದಲ್ಲಿ ಇಷ್ಟು ವರ್ಷ ಇದ್ದು ಕಲಿತದ್ದರಲ್ಲಿ ಅರ್ಧ ಇಂಥವರಿಂದಲೇ ಬಂದದ್ದು.

ಈಗ ದುಡ್ಡಿನ ಮಾತು. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಸಂಘಕ್ಕೆ ಇದರಲ್ಲಿ ಲಾಭ ಹುಟ್ಟುವುದಿಲ್ಲ. ಹುಣಸೆಯನ್ನೇ ನೋಡಿ. ದೊಡ್ಡ ಮರ, ಒಳ್ಳೆ ವರ್ಷ ಅಂದರೆ ನೂರು ಕಿಲೋ ಕಾಯಿ ಅಂತ ಇಟ್ಟುಕೊಳ್ಳೋಣ. ಇನ್ನೂ ಜಾಸ್ತಿ ಕೊಡುವ ಮರಗಳೂ ಇವೆ. ಸಿಪ್ಪೆ, ನಾರು, ಬೀಜ ತೆಗೆದರೆ ಕೈಗೆ ಸಿಗುವ ಹಣ್ಣು ಅರ್ಧಕ್ಕಿಂತ ಕಡಿಮೆ, ನಲವತ್ತು ಕಿಲೋ ಅನ್ನಿ. ಕಿಲೋಗೆ ₹150 ಹಿಡಿದರೂ ಆರು ಸಾವಿರ ರೂಪಾಯಿ. ಮರ ಹತ್ತಿ ಬಡಿಯುವವರಿಗೆ ಒಂದು ದಿನದ ಕೂಲಿ. ಆಮೇಲೆ ಒಣಗಿಸಿ, ಕುಟ್ಟಿ, ಬೀಜ ಬಿಡಿಸಬೇಕು. ಹುಣಸೆ ಬಿಡಿಸಿದವರಿಗೆ ಗೊತ್ತು ಅದರ ಕಷ್ಟ. ದಿನವಿಡೀ ಕೂತರೂ ರಾಶಿ ಕರಗುವುದಿಲ್ಲ, ಬೆರಳ ತುದಿ ಉರಿಯುತ್ತೆ. ಕೂಲಿ ಕೊಟ್ಟು ಮುಗಿಸುವಷ್ಟರಲ್ಲಿ ಆರು ಸಾವಿರವೂ ಹೋಗಿರುತ್ತೆ.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಮಾಡಿ. ನಲವತ್ತು ಕಿಲೋ, ಇಪ್ಪತ್ತೈದು ಮನೆ. ಮನೆಗೆ ಒಂದೂವರೆ ಕಿಲೋ. ನಾಲ್ಕೈದು ತಿಂಗಳ ಸಾರಿಗೆ ಸಾಕು. ಭಾನುವಾರ ಮಧ್ಯಾಹ್ನ ಹತ್ತು ಜನ ಒಂದು ಜಗಲಿಯಲ್ಲಿ ಕೂತು ಮಾತಾಡುತ್ತಾ ಬಿಡಿಸಿದರೆ ಕೂಲಿಯ ಪ್ರಶ್ನೆಯೇ ಬರಲ್ಲ. ಒಂದಿಷ್ಟು ಹೊಸ ಹುಣಸೆಗೆ ಬೆಲ್ಲ, ಜೀರಿಗೆ, ಉಪ್ಪು, ಮೆಣಸಿನಕಾಯಿ ಹಾಕಿ ಕುಟ್ಟಿ ಕಡ್ಡಿಗೆ ಚುಚ್ಚಿ ಚಿಗಳಿ ಮಾಡಿ ಮಕ್ಕಳಿಗೆ ಕೊಡಿ. ಆ ಮರದ ಬಗ್ಗೆ ಅವರು ಮುಂದೆ ಯಾವತ್ತೂ ಕೆಟ್ಟ ಮಾತು ಆಡುವುದಿಲ್ಲ.

ಬೀದಿ ಮರದ ಫಸಲಿನ ಬೆಲೆ ನನ್ನ ಪ್ರಕಾರ ಇಲ್ಲಿದೆ. ಫಸಲಿಗೆ ಕಾಯುವ ಜನ ಇದ್ದರೆ ಮರಕ್ಕೆ ಕಾವಲು ಇರುತ್ತೆ. ಇದು ಹೊಸ ವಿಚಾರ ಏನಲ್ಲ. ನಮ್ಮ ಹಳೇ ಮೈಸೂರು ಕಡೆ ಊರಿಗೊಂದು ಗುಂಡುತೋಪು ಇರುತ್ತಿತ್ತು. ಮಾವು, ಹಲಸು, ಹುಣಸೆ, ನೇರಳೆ, ಹೊಂಗೆ ನೆಟ್ಟ ತೋಪು. ಒಬ್ಬರ ಸ್ವತ್ತಲ್ಲ, ಊರಿನದ್ದು. ನೆರಳು, ಪುರಲೆ, ಉದುರಿದ ಹಣ್ಣು ಎಲ್ಲರಿಗೂ. ಮರದ ಮೇಲಿನ ಫಸಲನ್ನು ಮಾತ್ರ ಹರಾಜು ಹಾಕುತ್ತಿದ್ದರು. ಆ ದುಡ್ಡು ದೇವಸ್ಥಾನದ ಸುಣ್ಣಬಣ್ಣಕ್ಕೋ, ಊರಿನ ಬೇರೆ ಕೆಲಸಕ್ಕೋ ಹೋಗುತ್ತಿತ್ತು. ಹರಾಜು ಹಿಡಿದವನು ಕಾಯಿ ಬಲಿಯುವ ತನಕ ತೋಪಿನಲ್ಲೇ ಮಲಗುತ್ತಿದ್ದ. ರಾತ್ರಿ ಕೊಡಲಿ ಹಿಡಿದು ಯಾರು ಬರುತ್ತಾರೆ ಹೇಳಿ? ಬೆಂಗಳೂರು ಬೆಳೆಯುತ್ತಾ ನುಂಗಿದ ಹಳ್ಳಿಗಳಲ್ಲೂ ಇಂಥ ತೋಪುಗಳಿದ್ದವು. ಎಷ್ಟೋ ಕಡೆ ಈಗ ಆಟದ ಮೈದಾನ, ಬಸ್ ನಿಲ್ದಾಣ, ಶಾಲೆ ಬಂದಿವೆ. ನಿಮ್ಮ ರಸ್ತೆಯ ಹುಣಸೆ ಯಾವುದಾದರೂ ತೋಪಿನ ಉಳಿಕೆಯೇ ಇರಬಹುದು. ಬಡಾವಣೆಗಿಂತ ಮರ ಹಳೆಯದಾಗಿ ಕಂಡರೆ ಸುತ್ತಮುತ್ತಲ ಹಿರಿಯರನ್ನು ಕೇಳಿ ನೋಡಿ.

ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಅಂತ ಗಾದೆ ಇದೆ ಅಲ್ವಾ, ಅದನ್ನು ಕಣ್ಣಾರೆ ನೋಡಬೇಕೆಂದರೆ ದೇವನಹಳ್ಳಿ ಹತ್ತಿರದ ನಲ್ಲೂರಿಗೆ ಹೋಗಿ. ವಿಮಾನ ನಿಲ್ದಾಣದಿಂದ ದೂರವೇನಿಲ್ಲ. ಸುಮಾರು 54 ಎಕರೆಯಲ್ಲಿ ಮುನ್ನೂರರ ಹತ್ತಿರ ಹುಣಸೆ ಮರಗಳಿವೆ. ಕೆಲವು ಒಳಗೆಲ್ಲ ಟೊಳ್ಳಾಗಿ, ತಿರುಚಿಕೊಂಡು, ಬೋರಲು ಬಿದ್ದು, ಬಿದ್ದಲ್ಲೇ ಮತ್ತೆ ಚಿಗುರಿ ಕಾಯಿ ಬಿಡುತ್ತಿವೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು. ದೇಶದಲ್ಲೇ ಮೊದಲನೆಯದು.

ನಗರದೊಳಗೆ ಹೀಗೆ ತಿನ್ನುವ ಮರ ಕಡಿಮೆ ಆದದ್ದಕ್ಕೂ ಕಾರಣ ಇದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕೃಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಹೂವಿನ ಲೆಕ್ಕ ಹಾಕಿದರು. ಒಂದು ಜಾತಿ ಹೂ ಮುಗಿಸುವಾಗ ಇನ್ನೊಂದು ಶುರುವಾಗಬೇಕು ಅನ್ನುವ ಲೆಕ್ಕ. ಅದರ ಚೆಂದ ನಾವು ಇವತ್ತಿಗೂ ನೋಡುತ್ತಿದ್ದೇವೆ, ದೂರುವ ಹಾಗಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ ಮತ್ತು ಅವರ ತಂಡ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟಿತು. ನಿಮ್ಮ ಹೊಂಗೆಗಳಿಗೆ ನಲವತ್ತರ ಆಸುಪಾಸು ವಯಸ್ಸಾಗಿದ್ದರೆ ಆ ಕಾಲದವೇ ಇರಬಹುದು. ಆಮೇಲೆ ಬಂದವರು ಹಣ್ಣಿನ ಮರ ಅಂದರೆ ಹಿಂದೆ ಸರಿದರು. ಹಣ್ಣು ಬಿದ್ದರೆ ಗಲೀಜು, ಹುಡುಗರು ಕಲ್ಲು ಹೊಡೆಯುತ್ತಾರೆ, ಕಿಟಕಿ ಗಾಜು ಒಡೆಯುತ್ತೆ, ದೂರು ಬರುತ್ತೆ. ದೂರಿಗೆ ಹೆದರಿ ಗಿಡ ಆರಿಸಿದ ನಗರ ಇದು. ಬಡವರ ಕೇರಿಗಳಲ್ಲಿ ಹಾಗಲ್ಲ. ಬೆಂಗಳೂರಿನ ಕೊಳೆಗೇರಿಗಳ ಗಿಡಮರಗಳ ಬಗ್ಗೆ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ಅಲ್ಲಿ ಎದ್ದು ಕಾಣುವುದು ನುಗ್ಗೆಯಂಥ ಬಳಕೆಯ ಮರಗಳೇ. ಎರಡು ಅಡಿ ಜಾಗ ಸಿಕ್ಕರೂ ಆ ಮನೆಯಾಕೆ ನೆಡುವುದು ಸಾರಿಗೆ ಆಗುವ ಗಿಡವನ್ನು.

ಹೊಂಗೆಗೆ ಬರೋಣ. ಬೀದಿ ಮರಗಳಲ್ಲಿ ನನ್ನ ಪಕ್ಷಪಾತ ಏನಿದ್ದರೂ ಇದಕ್ಕೆ. ಯುಗಾದಿ ಹೊತ್ತಿಗೆ ಹೊಸ ಎಲೆ, ಬೆನ್ನಿಗೇ ಹೂವು. ಆ ಹೂವು ಕಾಯಾಗಿ ಬಲಿಯಲು ಹತ್ತು ಹನ್ನೊಂದು ತಿಂಗಳು. ಹಾಗಾಗಿ ಸುಗ್ಗಿ ಫೆಬ್ರವರಿಯಿಂದ ಮೇ ತನಕ. ಬೀಜದಲ್ಲಿ ಎಣ್ಣೆ ಮೂವತ್ತು ಶೇಕಡಕ್ಕಿಂತ ಜಾಸ್ತಿ ಇದ್ದರೂ ಗಾಣದಲ್ಲಿ ಅಷ್ಟೂ ಬರಲ್ಲ. ಹೆಚ್ಚುಕಡಿಮೆ ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಉಳಿದದ್ದು ಹಿಂಡಿ. ಸೀಮೆಎಣ್ಣೆ ಬರುವ ಮುಂಚೆ ನಮ್ಮ ಹಳ್ಳಿಗಳ ದೀಪ ಉರಿದದ್ದು ಈ ಎಣ್ಣೆಯಲ್ಲೇ. 2009ರಲ್ಲಿ ನಮ್ಮ ರಾಜ್ಯ ಜೈವಿಕ ಇಂಧನ ನೀತಿ ತಂದಾಗಲೂ ಎಲ್ಲರ ಕಣ್ಣು ಹೊಂಗೆಯ ಮೇಲೆ. ಹಾಸನ ಹತ್ತಿರದ ಮಡೆನೂರಿನಲ್ಲಿ ಇದಕ್ಕೆಂದೇ ಜೈವಿಕ ಇಂಧನ ಉದ್ಯಾನ ಇದೆ. ನಿಮ್ಮ ನಾಲ್ಕು ಮರದಿಂದ ಬಸ್ ಓಡಿಸಲಾಗದು, ಬಿಡಿ. ತಾರಸಿ ತೋಟ ಮಾಡುವವರಿಗೆ ಮಾತ್ರ ಹೊಂಗೆ ಹಿಂಡಿ ಚಿನ್ನ. ಸಾರಜನಕ ಇರುವ ಗೊಬ್ಬರ, ಜೊತೆಗೆ ಮಣ್ಣಿನ ಹುಳದ ಕಾಟವನ್ನೂ ಕಡಿಮೆ ಮಾಡುತ್ತೆ. ನಿಮ್ಮ ರಸ್ತೆಯಲ್ಲಿ ಐದಾರು ತಾರಸಿ ತೋಟ ಇದ್ದೇ ಇರುತ್ತವೆ. ಅವರು ಅಂಗಡಿಯಲ್ಲಿ ಪ್ಯಾಕೆಟ್ ಕೊಳ್ಳುವ ಬದಲು ಅಜ್ಜಿಯಿಂದಲೇ ಬೀಜ ಕೊಂಡು, ಗಾಣಕ್ಕೆ ಕೊಟ್ಟು, ಎಣ್ಣೆಯನ್ನೂ ಹಿಂಡಿಯನ್ನೂ ಹಂಚಿಕೊಳ್ಳಬಹುದು. ಅಜ್ಜಿಗೆ ಮಧ್ಯವರ್ತಿ ಕೊಡುವುದಕ್ಕಿಂತ ಎರಡು ಕಾಸು ಜಾಸ್ತಿ ಸಿಗುತ್ತೆ. ಒಂದು ಎಚ್ಚರ, ಹೊಂಗೆ ಬೀಜ ತಿನ್ನುವಂಥದ್ದಲ್ಲ. ಎಣ್ಣೆಯೂ ಅಡುಗೆಗೆ ಆಗದು.

ಬೇವು ಜೂನ್‌ನಿಂದ ಆಗಸ್ಟ್ ಒಳಗೆ ಹಣ್ಣಾಗಿ ಉದುರುತ್ತೆ. ಮಳೆಗಾಲ ಆದ್ದರಿಂದ ಬೇಗ ಆರಿಸಿ, ಮೇಲಿನ ತಿರುಳು ತೊಳೆದು, ನೆರಳಿನಲ್ಲಿ ಒಣಗಿಸಿ, ಗೋಣಿಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತೆ. ಐವತ್ತು ಗ್ರಾಂ ಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಸೋಸಿ, ಚೂರು ಸೋಪು ಕರಗಿಸಿ ಸಂಜೆ ಹೊತ್ತು ಸಿಂಪಡಿಸಿದರೆ ಗಿಡಹೇನು, ಎಳೆ ಹುಳುಗಳಿಗೆ ಸಾಕು. ಇದೇ ಬೇವಿನ ಬೀಜದ ಎಣ್ಣೆಯಿಂದ ಗಿಡಗಳ ಬೂಸ್ಟು ರೋಗ ತಡೆಯುವ ವಿಧಾನಕ್ಕೆ ಅಮೆರಿಕದ ಕಂಪನಿಯೊಂದು ಯುರೋಪಿನಲ್ಲಿ ಪೇಟೆಂಟ್ ಪಡೆದಿತ್ತು. ನಮ್ಮ ಜನರ ಹಳೆಯ ತಿಳಿವಳಿಕೆ ಅಂತ ವಾದ ಮಾಡಿದ ಮೇಲೆ 2000ದಲ್ಲಿ ಅದು ರದ್ದಾಯಿತು. ನಿಮ್ಮ ಮನೆ ಮುಂದೆ ರಸ್ತೆಗೆ ಬಿದ್ದು ಚಪ್ಪಲಿಗೆ ಅಂಟುವ ಬೀಜ ಅದು.

ಬೇವಿನ ಬಗ್ಗೆ ಹೇಳುವಾಗ ಒಂದು ಮೋಸದ ಮರದ ಬಗ್ಗೆಯೂ ಹೇಳಲೇಬೇಕು. ಹುಚ್ಚುಬೇವು ಅಂತ ಇದೆ. ದೂರಕ್ಕೆ ಬೇವಿನ ಹಾಗೇ ಕಾಣುತ್ತೆ. ಅದರ ಹಣ್ಣು ವಿಷ. ಗುರುತು ಸುಲಭ. ಬೇವಿನಲ್ಲಿ ಒಂದು ಕಡ್ಡಿ, ಅದರ ಎರಡೂ ಬದಿ ಗರಗಸದಂಚಿನ ಎಲೆ. ಹುಚ್ಚುಬೇವಿನಲ್ಲಿ ಕಡ್ಡಿಯಿಂದ ಮತ್ತೆ ಕವಲು ಕಡ್ಡಿ ಹೊರಡುತ್ತೆ. ಬೇವಿನ ಹೂವು ಬೆಳ್ಳಗೆ, ಇದರದ್ದು ನಸು ನೇರಳೆ. ಎಲೆಯೆಲ್ಲ ಉದುರಿದ ಮೇಲೂ ಹಳದಿ ಗುಂಡು ಕಾಯಿಗಳ ಗೊಂಚಲು ಮರದಲ್ಲೇ ನೇತಾಡುತ್ತಿದ್ದರೆ ಅದು ಬೇವಲ್ಲ. ಹಾಗೆಯೇ ಹಳದಿ ಕಣಗಿಲೆ ಮತ್ತು ಬೇಲಿಯ ಕಾಡುಹರಳು, ಇವೆರಡರ ಕಾಯಿಯನ್ನು ಮಕ್ಕಳಿಗೆ ಮೊದಲು ತೋರಿಸಿ. ತಿನ್ನುವ ಹಣ್ಣು ಆಮೇಲೆ ಕಲಿಸಿದರಾಯಿತು. ಕಾಡುಹರಳಿನ ಬೀಜ ತಿಂದು ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರುವ ಸುದ್ದಿ ನಮ್ಮ ರಾಜ್ಯದಲ್ಲಿ ಆಗಾಗ ಬರುತ್ತಲೇ ಇರುತ್ತೆ.

ರಸ್ತೆ ಬದಿಯದ್ದು ತಿನ್ನಬಹುದಾ ಅಂತ ಕೇಳಿದ್ದೀರಿ. ಒಂದೇ ಮಾತಿನ ಉತ್ತರ ಇಲ್ಲ. ಯಾವ ಮರ, ಯಾವ ಭಾಗ, ಯಾವ ರಸ್ತೆ ಅನ್ನುವುದರ ಮೇಲೆ ಹೋಗುತ್ತೆ. ಸಾಮಾನ್ಯವಾಗಿ ಬೇರು ಮತ್ತು ಎಲೆಗಿಂತ ಹಣ್ಣಿಗೆ ಸೀಸದಂಥ ಲೋಹ ಏರುವುದು ಕಡಿಮೆ. ಅಮೆರಿಕದ ಬಾಸ್ಟನ್‌ನಲ್ಲಿ ಬೀದಿ ಹಣ್ಣು ಕೊಯ್ದು ಜಾಮ್ ಮಾಡಿಡುವ ಒಂದು ಗುಂಪು ಇದೆ. ಅವರ ಹಣ್ಣುಗಳನ್ನು ವೆಲ್ಸ್ಲಿ ಕಾಲೇಜಿನ ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ ಸೀಸದ ಭಯಕ್ಕೆ ಕಾರಣ ಕಾಣಲಿಲ್ಲ. ನಮ್ಮಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲೇ ನಿಂತಿತು, ಆದರೆ ಹಳೆಯ ರಸ್ತೆಯ ಮಣ್ಣಿನಲ್ಲಿ ಅದು ಕೂತಿರುತ್ತೆ. ಬೆಂಗಳೂರಿನ ಧೂಳು ಬಾಸ್ಟನ್ನಿನ ಧೂಳೂ ಅಲ್ಲ. ಆದ್ದರಿಂದ ನಾನು ಪಾಲಿಸುವ ಕ್ರಮ ಹೇಳುತ್ತೇನೆ. ಹುಣಸೆಗೆ ಗಟ್ಟಿ ಸಿಪ್ಪೆ ಇದೆ, ಒಳಗಿನದ್ದು ಶುದ್ಧ, ಮುಖ್ಯರಸ್ತೆಯದ್ದಾದರೂ ತಿನ್ನುತ್ತೇನೆ. ಹಲಸು, ಮಾವು ಹಾಗೇ. ನೇರಳೆಯದ್ದು ತೆಳು ಸಿಪ್ಪೆ, ಅಡ್ಡರಸ್ತೆಯದ್ದಾದರೆ ಎರಡು ಮೂರು ನೀರಿನಲ್ಲಿ ತೊಳೆದು ತಿನ್ನುತ್ತೇನೆ. ನುಗ್ಗೆ ಸೊಪ್ಪು, ಕರಿಬೇವು, ಹುಣಸೆ ಚಿಗುರನ್ನು ಬಸ್ ಓಡಾಡುವ ರಸ್ತೆಯಿಂದ ಕಿತ್ತು ತರುವುದಿಲ್ಲ. ಆಷಾಢದಲ್ಲಿ ನುಗ್ಗೆಸೊಪ್ಪು ತಿನ್ನಬೇಕು ಅಂತ ಮನೆಯಲ್ಲಿ ಎಷ್ಟೇ ಹೇಳಿದರೂ ಕೊಳಚೆ ಹರಿಯುವ ರಾಜಕಾಲುವೆ ಪಕ್ಕದ ನುಗ್ಗೆಯನ್ನು ಮುಟ್ಟುವುದಿಲ್ಲ. ಉದ್ಯಾನದಲ್ಲಿ ಔಷಧಿ ಹೊಡೆದಿದ್ದರೆ, ಮರದ ಬುಡಕ್ಕೆ ಗೆದ್ದಲ ಮದ್ದು ಸುರಿದಿದ್ದರೆ ಆ ವರ್ಷ ಬಿಟ್ಟುಬಿಡಿ. ಬಾವಲಿಯೋ ಹಕ್ಕಿಯೋ ಕಚ್ಚಿದ ಹಣ್ಣು ಬೇಡವೇ ಬೇಡ. 2018ರಲ್ಲಿ ಕೇರಳದಲ್ಲಿ ಬಾವಲಿಗಳಿಂದ ಹರಡುವ ನಿಫಾ ಸೋಂಕು ಬಂದ ಮೇಲೆ ನಾವೆಲ್ಲ ಕಲಿತ ಪಾಠ ಅದು. ಮತ್ತೆ, ನೇರಳೆ ಬೀಜದ ಪುಡಿ ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಮನೆಮನೆಯಲ್ಲೂ ಮಾಡುತ್ತಾರೆ. ಮಾಡಿ, ಬೇಡ ಅನ್ನಲ್ಲ. ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಟ್ಟವರನ್ನೂ ನೋಡಿದ್ದೇನೆ, ಅದೊಂದು ಮಾಡಬೇಡಿ.

ಕಾನೂನಿನ ವಿಷಯ. ರಸ್ತೆ ಬದಿಯ ಮರ ಪಾಲಿಕೆಯದ್ದು, ಮನೆ ಮುಂದೆ ಇದೆ ಅಂತ ನಿಮ್ಮದಾಗಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಯುವುದು ಅಂದರೆ ಬುಡ ಕತ್ತರಿಸುವುದು ಮಾತ್ರ ಅಂದುಕೊಳ್ಳಬೇಡಿ. ಕೊಂಬೆ ಸವರುವುದು, ತೊಗಟೆ ಸುತ್ತ ಕೆತ್ತುವುದು, ಔಷಧಿ ಸುರಿದು ಒಣಗಿಸುವುದು ಕೂಡ ಅದರೊಳಗೇ ಬರುತ್ತೆ. ಎದುರುಮನೆಯವರಿಗೆ ಇದನ್ನು ಮೆತ್ತಗೆ ತಿಳಿಸಿ. ಬಿದ್ದ ಹಣ್ಣು, ಕಾಯಿ ಆರಿಸುವುದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಮರ ಹತ್ತಿಸಿ ಕೊಯ್ಯುವುದಾದರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ಸಂಘದಿಂದ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಕೈಯಲ್ಲಿ ಕಾಗದ ಇರುತ್ತೆ. ಲಾಲ್‌ಬಾಗ್, ಕಬ್ಬನ್ ಉದ್ಯಾನದಂಥ ಕಡೆ ಕೀಳಲು ಹೋಗಬೇಡಿ.

ಕೊಯ್ಯುವಾಗ ಏನೇ ಆದರೂ ನೇರಳೆ ಮರ ಹತ್ತಬೇಡಿ, ಹತ್ತಿಸಬೇಡಿ. ಅದರ ಕೊಂಬೆ ನೋಡಲು ದಪ್ಪ, ಮುರಿಯುವಾಗ ಮುನ್ಸೂಚನೆ ಇಲ್ಲ. ನುಗ್ಗೆಯೂ ಅಷ್ಟೇ. ನೇರಳೆಯಿಂದ ಬಿದ್ದು ಸೊಂಟ ಮುರಿದುಕೊಂಡವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಬೆಳಿಗ್ಗೆ ಆರಕ್ಕೆ ಮರದ ಕೆಳಗೆ ನಾಲ್ಕು ಜನ ಹಳೇ ಸೀರೆಯನ್ನೋ ಟಾರ್ಪಾಲನ್ನೋ ಎಳೆದು ಹಿಡಿಯಿರಿ, ಒಬ್ಬರು ಒಣ ಬಿದಿರಿನ ದೋಟಿಯಲ್ಲಿ ಕೊಂಬೆ ಅಲ್ಲಾಡಿಸಲಿ. ಹಣ್ಣಾದದ್ದು ತಾನೇ ಬೀಳುತ್ತೆ, ಕಾಯಿ ಉಳಿಯುತ್ತೆ. ಕರೆಂಟ್ ತಂತಿ ಹಾದುಹೋಗುವ ಕಡೆ ದೋಟಿ ಎತ್ತಲೇಬೇಡಿ. ಅಲ್ಯೂಮಿನಿಯಂ ಕೋಲು ಎಲ್ಲೂ ಬೇಡ. ತುದಿಯ ಹಣ್ಣನ್ನು ಕೋಗಿಲೆಗೂ ಬಾವಲಿಗೂ ಬಿಡಿ, ಅದಕ್ಕೆ ಆಸೆಪಟ್ಟವರೇ ಬೀಳುವುದು. ಹಬ್ಬದ ಹಿಂದಿನ ದಿನ ಮಾವಿನ ಸೊಪ್ಪು, ಬೇವಿನ ಹೂವಿಗೆ ಅಂತ ಇಡೀ ಕೊಂಬೆ ಮುರಿದು ಗಾಡಿಗೆ ತುಂಬಿಸಿಕೊಂಡು ಹೋಗುವವರು ಬರುತ್ತಾರೆ. ತಡೆಯಬೇಕಾದದ್ದು ಅವರನ್ನು.

ತೂಕದಲ್ಲಿ ನೋಡಿದರೆ ಈ ಎಂಟೂ ಮರಗಳ ಅತಿ ದೊಡ್ಡ ಫಸಲು ತರಗೆಲೆ. ಇದನ್ನು ಯಾರೂ ಫಸಲು ಅನ್ನುವುದಿಲ್ಲ, ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಹೊಂಗೆ ಸೊಪ್ಪನ್ನು ನಮ್ಮ ರೈತರು ಗದ್ದೆಗೆ ತುಳಿದು ಗೊಬ್ಬರ ಮಾಡುತ್ತಿದ್ದವರು. ಖಾಲಿ ನಿವೇಶನದ ಮೂಲೆಯಲ್ಲಿ ಜಾಲರಿ ಕಟ್ಟಿ, ಎಲೆ ತುಂಬಿ, ಆಗಾಗ ನೀರು ಮತ್ತು ಒಂದಿಷ್ಟು ಸಗಣಿ ನೀರು ಹಾಕಿದರೆ ಮಳೆಗಾಲ ಕಳೆಯುವಷ್ಟರಲ್ಲಿ ಗೊಬ್ಬರ ಸಿದ್ಧ. ತಾರಸಿ ತೋಟದವರು ಮತ್ತೆ ಮುಗಿಬೀಳುತ್ತಾರೆ.

ಇನ್ನು ಎದುರುಮನೆಯವರು. ಅವರ ತಕರಾರು ಸುಳ್ಳಲ್ಲ. ಹಣ್ಣು ಜಾರುತ್ತೆ, ವಯಸ್ಸಾದವರು ಬೀಳುತ್ತಾರೆ, ಕಲೆ ಬೇಗ ಹೋಗಲ್ಲ. ಆದರೆ ಇದು ವರ್ಷಕ್ಕೆ ಐದಾರು ವಾರದ ಮಾತು. ಆ ವಾರಗಳಲ್ಲಿ ಕಾರುಗಳು ಹೊಂಗೆಯ ಕೆಳಗೆ ನಿಲ್ಲಲಿ. ದಿನ ಬಿಟ್ಟು ದಿನ ಮರ ಅಲ್ಲಾಡಿಸಿದರೆ ರಸ್ತೆಗೆ ಬೀಳುವುದೇ ಕಡಿಮೆ ಆಗುತ್ತೆ. ಗಲೀಜು ಆಗುವುದು ಕೊಯ್ಯದೆ ಬಿಟ್ಟ ಹಣ್ಣಿನಿಂದ ತಾನೇ? ಅಜ್ಜಿಯನ್ನೂ ಕರೆಯಿರಿ, ಮೂರರಲ್ಲಿ ಒಂದು ಪಾಲು ಅವರಿಗೆ ಅಂತ ಮೊದಲೇ ಮಾತಾಡಿ. ಜೂನ್ ತಿಂಗಳ ಮಾರುಕಟ್ಟೆಯಲ್ಲಿ ನೇರಳೆಗೆ ಒಳ್ಳೇ ಬೆಲೆ ಇರುತ್ತೆ, ಅವರು ಬುಟ್ಟಿಯಲ್ಲಿಟ್ಟು ಮಾರಿಕೊಳ್ಳುತ್ತಾರೆ. ಅರ್ಜಿಗೆ ಉತ್ತರವಾಗಿ ಇನ್ನೊಂದು ಅರ್ಜಿ ಬರೆಯಬೇಡಿ. ಮೊದಲ ದಿನದ ಹಣ್ಣನ್ನು ತೊಳೆದು, ಉಪ್ಪು ಉದುರಿಸಿ, ಒಂದು ಡಬ್ಬಿ ಎದುರುಮನೆಗೆ ಕೊಟ್ಟುಬನ್ನಿ. ಡಬ್ಬಿ ವಾಪಸ್ ತರಲು ಮಾರನೇ ದಿನ ಹೋಗುತ್ತೀರಲ್ಲ, ಸಹಿಯ ವಿಷಯ ಆಗ ಎತ್ತಿದರಾಯಿತು.